ಗ್ರೈಂಡರಿನ ಕಾಲಡಿಯ ಹಸಿರು ತುಂಡು

ನಮ್ಮ ಮನೆಯ ಗ್ರೈಂಡರಿಗೆ ಮೂರು ಕಾಲು ಸರಿ ಇದೆ, ನಾಲ್ಕನೆಯದು ನೆಲಕ್ಕೆ ಮುಟ್ಟುವುದಿಲ್ಲ. ಅದು ನೆಲದ ತಪ್ಪು ಎಂದು ನಾನು ಹೇಳುತ್ತೇನೆ. ನೆಲದ್ದಲ್ಲ, ನಿಂತು ನೆಲ ಮಾಡಿಸಿದವರ ತಪ್ಪು ಎಂದು ನನ್ನ ಹೆಂಡತಿ ಜಲಜ ಹೇಳುತ್ತಾಳೆ. ಮಾಡಿಸಿದವನು ನಾನೇ ಆದ್ದರಿಂದ ಆ ಚರ್ಚೆ ಹೆಚ್ಚು ದೂರ ಹೋಗುವುದಿಲ್ಲ. ಅಕ್ಕಿ, ಉದ್ದು ಹಾಕಿ ಸ್ವಿಚ್ ಒತ್ತಿದರೆ ಗ್ರೈಂಡರ್ ಅಡುಗೆಮನೆಯಲ್ಲಿ ನಡೆಯಲಿಕ್ಕೆ ಶುರು ಮಾಡುತ್ತಿತ್ತು. ರಟ್ಟು ಮಡಚಿ ಇಟ್ಟಳು, ನೀರು ಕುಡಿದು ಮುದ್ದೆಯಾಯಿತು. ಮರದ ಚೂರು ಇಟ್ಟಳು, ಜಾರಿ ಹೋಯಿತು. ಕೊನೆಗೆ ಒಂದು ದಿನ ನನ್ನ ಗಲ್ಫ್ ಪೆಟ್ಟಿಗೆಯ ತಳ ತಡಕಾಡಿ, ಅಂಗೈ ಅಗಲದ ಒಂದು ಹಸಿರು ತುಂಡನ್ನು ತಂದು ಕಾಲಡಿಗೆ ತುರುಕಿದಳು. ಗ್ರೈಂಡರ್ ಕಲ್ಲಿನ ಹಾಗೆ ನಿಂತಿತು.

"ನೋಡಿ, ಅಳತೆ ಕೊಟ್ಟು ಮಾಡಿಸಿದ ಹಾಗೆ ಉಂಟು. ಇದು ಎಂತದು?" ಎಂದು ಕೇಳಿದಳು.

"ಕಾರಿನ ತುಂಡು."

"ಯಾವ ಕಾರು?"

"ರೇಸ್ ಕಾರು. ಇಂಗ್ಲೆಂಡಿನದ್ದು."

"ಅಯ್ಯೋ, ಹಾಗಾದ್ರೆ ನಮ್ಮ ಗ್ರೈಂಡರ್ ಇನ್ನು ಗೇಟು ದಾಟಿ ಹೋದೀತು," ಎಂದು ನಕ್ಕಳು.

ನಾನು ನಗಲಿಲ್ಲ. ಆ ತುಂಡಿನ ಕತೆಯನ್ನು ಅವಳಿಗೆ ಆವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಈಗ ನಿಮಗೆ ಹೇಳಲಿಕ್ಕೆ ಕೂತಿದ್ದೇನೆ, ಮಗಳ ಹಳೆಯ ಲ್ಯಾಪ್‌ಟಾಪಿನ ಮುಂದೆ, ಒಂದೇ ಬೆರಳಿನಲ್ಲಿ. ಒತ್ತಕ್ಷರ ಬಂದಾಗ ನಿಂತು ಉಸಿರು ತೆಗೆದು ಮುಂದೆ ಹೋಗಬೇಕು. ನಿಧಾನವಾದರೆ ಬೇಜಾರು ಮಾಡಿಕೊಳ್ಳಬೇಡಿ. ಅಕ್ಷರದ ಕೆಲಸಗಳೆಲ್ಲ ನನಗೆ ತಡವಾಗಿಯೇ ಕೈಗೆ ಹತ್ತಿದ್ದು.

ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮಲ್ಪೆಯಲ್ಲಿ ಫೈಬರ್ ದೋಣಿ ಮಾಡುವ ಶೆಡ್ಡಿಗೆ ಸೇರಿದೆ. ಗಾಜಿನ ನೂಲಿನ ಮ್ಯಾಟ್ ಹಾಸುವುದು, ಅದರ ಮೇಲೆ ಅಂಟಂಟು ರೆಸಿನ್ ಹಚ್ಚುವುದು, ಗಾಳಿಗುಳ್ಳೆ ಉಳಿಯದ ಹಾಗೆ ರೋಲರ್ ಎಳೆಯುವುದು, ಒಣಗಿದ ಮೇಲೆ ಇನ್ನೊಂದು ಪದರ. ಹೀಗೆ ಪದರದ ಮೇಲೆ ಪದರ ಕೂತು ದೋಣಿಯಾಗುತ್ತದೆ. ಬೆಳಿಗ್ಗೆ ಮೈಗೆಲ್ಲ ತೆಂಗಿನೆಣ್ಣೆ ಮೆತ್ತಿಕೊಂಡು ಹೋದರೂ ಸಂಜೆ ಕುತ್ತಿಗೆ, ಮೊಣಕೈ ಎಲ್ಲ ತುರಿಕೆ. ನಮ್ಮ ಮೇಸ್ತ್ರಿಯದ್ದು ಒಂದೇ ಪಾಠ: "ಸಂಶಯ ಬಂತಾ, ಇನ್ನೊಂದು ಮ್ಯಾಟ್ ಹಾಕು." ದೋಣಿಯೊಳಗೆ ಕಡಲಿಗೆ ಹೋಗುವವರು ನಮ್ಮ ಅಣ್ಣ, ಮಾವ, ಭಾವಂದಿರೇ ಅಲ್ಲವಾ. ಅವರಿಗೆ ತೆಳ್ಳಗಿನ ದೋಣಿ ಮಾಡಿಕೊಡುವ ಕೈ ಯಾರಿಗೂ ಇರಲಿಲ್ಲ.

ಮೇಸ್ತ್ರಿಗೆ ಇನ್ನೊಂದು ಅಭ್ಯಾಸವಿತ್ತು. ಕೊನೆಯ ಪದರ ಹಾಕುವ ಮೊದಲು ದೋಣಿಯ ಮೂತಿಯ ಒಳಗೆ ಒಂದು ಕೆಂಪು ದಾಸವಾಳದ ಎಸಳು ಇಟ್ಟು, ಅದರ ಮೇಲೆ ಮ್ಯಾಟ್ ಹಾಸಿಬಿಡುತ್ತಿದ್ದರು. ಬಣ್ಣ ಬಳಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. "ಕಾಣುದಿಲ್ಲಲ್ಲ, ಮತ್ತೆ ಯಾಕೆ?" ಎಂದು ನಾನೊಮ್ಮೆ ಕೇಳಿದ್ದೆ. "ಕಾಣ್ಲಿಕ್ಕೆ ಇಟ್ಟದ್ದಲ್ಲ," ಎಂದಿದ್ದರು ಅಷ್ಟೇ. ಆ ಮಾತು ನನಗೆ ಸರಿಯಾದ ಹೊತ್ತಿಗೆ ನೆನಪಾಗಬೇಕಿತ್ತು.

ಗಲ್ಫಿನ ಆಸೆ ಹತ್ತಿದಾಗ ನನಗೆ ಇಪ್ಪತ್ತೇಳು. ಹತ್ತನೆಯ ಕ್ಲಾಸು ಪಾಸಾದವರಿಗೆ ಪಾಸ್‌ಪೋರ್ಟಿನ ಕಿರಿಕಿರಿ ಕಡಿಮೆ ಎಂದು ಯಾರೋ ಹೇಳಿದರು. ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿದೆ. ಪರೀಕ್ಷೆಯ ದಿನ ಗೇಟಿನಲ್ಲಿದ್ದ ಟೀಚರು ನನ್ನನ್ನು ನೋಡಿ, "ಪೋಷಕರು ಹೊರಗೆ ನಿಲ್ಲಿ," ಎಂದರು. ನಾನು ಹಾಲ್ ಟಿಕೆಟ್ ತೋರಿಸಿದೆ. ಅವರು ಫೋಟೋ ನೋಡಿದರು, ನನ್ನ ಮೀಸೆ ನೋಡಿದರು, ದಾರಿ ಬಿಟ್ಟರು. ನನಗೆ ಇಂಗ್ಲಿಷ್ ಹೇಳಿಕೊಟ್ಟ ರಿಟೈರ್ಡ್ ಮಾಸ್ಟ್ರು ಒಂದು ಮಾತು ಹೇಳಿದ್ದರು: ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡಬೇಡ. ಆವತ್ತಿನಿಂದ ನಾನು ಬಿಟ್ಟಿಲ್ಲ. ಬಸ್ಸಿನ ಹಿಂಭಾಗ, ಔಷಧದ ಚೀಟಿ, ಸಿಮೆಂಟಿನ ಚೀಲ, ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಓದುತ್ತೇನೆ. ಹಾಗೆ ಕಷ್ಟಪಟ್ಟು ಓದಿದ್ದು ಮರೆಯುವುದೂ ಇಲ್ಲ. ಬೇಗ ಓದುವವರಿಗೆ ಈ ತೊಂದರೆ ಇರಲಿಕ್ಕಿಲ್ಲ.

ದುಬೈಯಲ್ಲಿ ಮೊದಲು ಸೇರಿದ್ದು ಒಂದು ಬೋಟ್ ಯಾರ್ಡಿಗೆ. ಎರಡು ವರ್ಷಕ್ಕೆ ಅದು ಖಲಾಸ್. ಆಗ ಕೈ ಹಿಡಿದದ್ದು ಹಮೀದಾಕ. ಉಳ್ಳಾಲದ ಬ್ಯಾರಿ, ನನಗಿಂತ ಹನ್ನೆರಡು ವರ್ಷ ದೊಡ್ಡವರು. ಅಲ್ ಮುರಕ್ಕಬಾತಿನ ಒಂದು ಬೆಡ್ ಸ್ಪೇಸಿನಲ್ಲಿ ಅವರದ್ದು ಕೆಳಗಿನ ಮಂಚ, ನನ್ನದು ಮೇಲಿನದ್ದು. ಅವರು ಅಲ್ ಕೂಜಿನ ಒಂದು ಗ್ಯಾರೇಜಿನಲ್ಲಿ ಪೈಂಟರ್.

"ಅಲ್ಲ ರಾಘು, ನಿಂಗೆ ಫೈಬರ್ ಗೊತ್ತುಂಟಲ್ಲ? ನಮ್ಮ ಅರ್ಬಾಬಿಗೆ ಒಬ್ಬ ಬೇಕಂತೆ. ಹಳೇ ಕಾರು."

"ಕಾರಿಗೆ ಎಂತ ಫೈಬರ್, ಹಮೀದಾಕ? ನಾನು ದೋಣಿಯವ."

"ಚಕ್ರ ಉಂಟು ಅಂತ ಹೆದರ್ಬೇಡ ಮಾರಾಯ. ಒಟ್ರಾಸಿ ದೋಣಿಯೇ ಅದು. ಬಾ."

ಅರ್ಬಾಬ್ ಎಂದರೆ ಅಲ್ಲಿ ಮಾಲೀಕ. ನಮ್ಮ ಅರ್ಬಾಬಿಗೆ ಹಳೆಯ ಕಾರುಗಳ ಹುಚ್ಚು. ಅಬುಧಾಬಿಯಲ್ಲಿ ಅವುಗಳಿಗೆಂದೇ ಒಂದು ದೊಡ್ಡ ಹಾಲ್ ಕಟ್ಟಿಸಿದ್ದರು.

ನಾನು ಸೇರಿದ ವಾರವೇ ಆ ಹಸಿರು ಕಾರು ಬಂತು. ಇಬ್ಬರು ಕೂರುವಂಥದ್ದು, ನನ್ನ ಸೊಂಟದಷ್ಟೇ ಎತ್ತರ. ಅದರ ಕಂಪನಿಯ ಹೆಸರು ಬರೆಯುವುದಿಲ್ಲ. ಈಗ ಆ ಹೆಸರಿನ ಒಡೆಯರು ಬೇರೆ ಯಾರೋ, ಅವರಿಗೂ ಈ ಕತೆಗೂ ಸಂಬಂಧವಿಲ್ಲ. ಕಾರಿನ ಯಜಮಾನರು ಲೆನರ್ಡ್ ಎನ್ನುವ ಇಂಗ್ಲಿಷ್ ಮುದುಕರು. ಆಗ ಅವರು ಇಂಗ್ಲೆಂಡಿನ ಆಸ್ಪತ್ರೆಯಲ್ಲಿದ್ದರು. ಬಾಡಿ ರಿಪೇರಿಯಾದ ಮೇಲೆ ಅರ್ಬಾಬ್ ಅದನ್ನು ಕೊಂಡು ಅಬುಧಾಬಿಗೆ ಒಯ್ಯುವುದೆಂದು ಮಾತಾಗಿತ್ತು.

ನಾನು ಬಾನೆಟ್ ತಟ್ಟಿ ನೋಡಿದೆ. ಡಬ್ಬದ ಮುಚ್ಚಳದ ಸದ್ದು. ಅಂಚು ಹಿಡಿದು ನೋಡಿದರೆ ಪೊರಕೆಯ ಹಂಚಿಕಡ್ಡಿಯಷ್ಟು ದಪ್ಪವೂ ಇಲ್ಲ.

"ಹಮೀದಾಕ, ಇಷ್ಟು ತೆಳುವಿಗೆ ನಮ್ಮಲ್ಲಿ ಮೀನಿನ ಬುಟ್ಟಿ ಸಹ ಮಾಡುದಿಲ್ಲ. ಇದ್ರಲ್ಲಿ ಜನ ಕೂತು ರೇಸ್ ಓಡಿದ್ದಾ?"

"ಬಿಳಿಯರಿಗೆ ಜೀವ ಜಾಸ್ತಿ ಇರ್ಬೇಕು," ಎಂದರು ಹಮೀದಾಕ.

ಹಿಂದಿನ ಎಡ ಮಡ್ಗಾರ್ಡಿನ ಒಳಗೋಡೆ ಬಿಸಿಲಿಗೆ ಸೀಳಿತ್ತು. ಮೆಕ್ಯಾನಿಕ್ ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಕೊಟ್ಟ. ನಾನು ಅಂಗಾತ ಮಲಗಿ, ಡಿಕ್ಕಿಯೊಳಗೆ ತಲೆ ತೂರಿಸಿ, ಟಾರ್ಚ್ ಬಿಟ್ಟೆ. ಟ್ಯಾಂಕಿನ ಹಿಂದಿನ ಮೂಲೆಯಲ್ಲಿ, ಹಳದಿಗಟ್ಟಿದ ರೆಸಿನ್ನಿನ ಕೆಳಗೆ, ಪೆನ್ಸಿಲಿನ ಅಕ್ಷರಗಳಿದ್ದವು. ಒಂದರ ಕೆಳಗೆ ಒಂದು, ಮೂರು ಹೆಸರು. ಓದದೆ ಬಿಡುವವನಲ್ಲವಲ್ಲ ನಾನು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

"ಹಮೀದಾಕ, ಇದ್ರೊಳಗೆ ಯಾರೋ ಹೆಸರು ಬರ್ದಿದ್ದಾರೆ."

"ನಮ್ಮೂರ ಬಸ್ಸಿನ ಸೀಟಿನ ಹಿಂದೆ ಬರಿಯುದಿಲ್ವಾ? ಎಲ್ಲಾ ಊರಲ್ಲಿಯೂ ಪೋಲಿಗಳು ಇರ್ತಾರೆ. ನೀನು ಶವರ್ಮ ಸುತ್ತಿದ ಕಾಗದವನ್ನೂ ಓದುವ ಜನ. ಯಲ್ಲಾ, ಉಜ್ಜು, ಕೆಲಸ ನೋಡು."

ಕೆಲಸ ನೋಡಿದೆ. ಹಳೆಯ ಫೈಬರಿಗೆ ಹೊಸ ಮ್ಯಾಟ್ ಹಿಡಿಯಬೇಕಾದರೆ ಮೊದಲು ಮೇಲ್ಮೈಯನ್ನು ಉಜ್ಜಬೇಕು, ಹೊಳಪು ಹೋಗಿ ಬಿಳಿ ಪುಡಿ ಏಳುವ ತನಕ. ಸ್ಯಾಂಡಿಂಗ್ ಮೆಷಿನ್ ಹಿಡಿದು ಉಜ್ಜಿದೆ. ಅರ್ಧ ನಿಮಿಷ ಸಾಕಾಯಿತು. ಹೆಸರುಗಳು ಪುಡಿಯಾಗಿ ನನ್ನ ಹುಬ್ಬಿನ ಮೇಲೆ ಕೂತವು. ಸೀಳು ಮುಚ್ಚಲಿಕ್ಕೆ ಒಂದು ಪದರ ಸಾಕಿತ್ತು. ನನಗೆ ಸಂಶಯ ಬಂತು. ಮೂರು ಹಾಕಿದೆ. ಎಂಥ ಚಂದದ ಕೆಲಸ ಎಂದು ನಾನೇ ಹೊಗಳಿಕೊಂಡೆ. ಟ್ಯಾಂಕ್ ಮತ್ತೆ ಅದರ ಜಾಗದಲ್ಲಿ ಕೂತಿತು.

ಲೆನರ್ಡ್ ಬಂದದ್ದು ಹದಿನೈದು ದಿನದ ನಂತರ. ಎತ್ತರದ ಆಳು, ಆದರೆ ಭುಜ ಎರಡೂ ಮುಂದಕ್ಕೆ ಬಾಗಿ ಎದೆಯನ್ನು ಮುಚ್ಚಿದಂತಿತ್ತು. ಜೊತೆಗೆ ಮಗಳು. ಐವತ್ತರ ಹತ್ತಿರದ ಹೆಂಗಸು, ದುಬೈಯ ಮನೆ ಖಾಲಿ ಮಾಡಿ ಅಪ್ಪನನ್ನು ಖಾಯಂ ಊರಿಗೆ ಕರೆದುಕೊಂಡು ಹೋಗಲಿಕ್ಕೆ ಬಂದವಳು. ಹೆಂಡತಿ ತೀರಿಹೋಗಿದ್ದಳು, ಮರೆವು ಶುರುವಾಗಿತ್ತು. ಡಿಸ್ಕವರಿ ಗಾರ್ಡನ್ಸಿನ ಫ್ಲಾಟಿನಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಮಗಳು ಅವರನ್ನು ಗ್ಯಾರೇಜಿನಲ್ಲಿ ಬಿಟ್ಟು ವೀಸಾ, ಬ್ಯಾಂಕ್, ಪ್ಯಾಕಿಂಗ್ ಎಂದು ಓಡಾಡುತ್ತಿದ್ದಳು. ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಮೀದಾಕ ಬಣ್ಣ ಹೊಡೆಯುವುದನ್ನು ನೋಡುತ್ತಿದ್ದರು. ದಿನಾ ನನ್ನ ಹೆಸರು ಕೇಳುತ್ತಿದ್ದರು. ಒಂದು ದಿನ ಕನ್ನಡಕವನ್ನು ಕರಕ್ ಚಾದ ಕಪ್ಪಿನೊಳಗೆ ಇಟ್ಟು ಹತ್ತು ನಿಮಿಷ ಹುಡುಕಿದರು. ಆದರೆ ಹಳೆಯದೆಲ್ಲ ಮೊಳೆ ಹೊಡೆದ ಹಾಗೆ ನೆನಪಿತ್ತು. ಹುಡುಗ ಪ್ರಾಯದಲ್ಲಿ ಅವರು ಆ ಕಾರಿನ ಕಂಪನಿಯಲ್ಲೇ ಬಾಡಿ ಮಾಡುವ ಕೆಲಸಕ್ಕಿದ್ದವರು.

ಅವರ ಇಂಗ್ಲಿಷ್ ನನಗೆ ಅರ್ಧ ಹಿಡಿಯುತ್ತಿತ್ತು. ಉಳಿದರ್ಧವನ್ನು ಹಮೀದಾಕ ಮಾಸ್ಕ್ ಸರಿಸಿ, ಉಪ್ಪುಖಾರ ಸೇರಿಸಿ ಹೇಳುತ್ತಿದ್ದರು. ಆ ಕಂಪನಿಯ ಚರಿತ್ರೆ ನನಗೆ ಬಂದದ್ದು ಹೀಗೆ, ಥಿನ್ನರಿನ ವಾಸನೆಯ ನಡುವೆ, ತುಂಡು ತುಂಡಾಗಿ.

ಶುರುವಾದದ್ದು ಒಂದು ಕೋಳಿಗೂಡಿನಲ್ಲಂತೆ. ಯುದ್ಧ ಮುಗಿದ ಹೊಸತು, ಸಾಮಾನು ಸಿಗದ ಕಾಲ. ಒಬ್ಬ ಯುವಕ ಅಪ್ಪನ ಕೋಳಿಗಳನ್ನು ಹೊರಗಟ್ಟಿ ಆ ಗೂಡಿನಲ್ಲಿ ಕಾರು ಕಟ್ಟಿದ. ಮೊದಲ ಕಾರಿನ ಸೀಟಿನಡಿಯಲ್ಲಿ ಕೊನೆಯ ತನಕ ಪುಕ್ಕ ಸಿಗುತ್ತಿತ್ತಂತೆ. ಅವನ ತಲೆಯಲ್ಲಿದ್ದದ್ದು ಒಂದೇ: ಭಾರ ಕಳೆಯಬೇಕು. ದೊಡ್ಡ ಎಂಜಿನ್ನಿಗೆ ಅವನಲ್ಲಿ ದಾರಿ ಇರಲಿಲ್ಲ. ಹಾಗಾಗಿ ಕಾರನ್ನೇ ಹಗುರ ಮಾಡಿದ. ಫ್ಯಾಕ್ಟರಿ ದೊಡ್ಡದಾದ ಮೇಲೆ ಬಾಗಿಲಲ್ಲಿ ಒಂದು ತಕ್ಕಡಿ ಇಟ್ಟನಂತೆ. ಯಾರು ಏನು ಮಾಡಿದರೂ ತಂದು ತೂಗಬೇಕು. ನಿನ್ನೆಗಿಂತ ಇವತ್ತು ಕಡಿಮೆ ಇದ್ದರೆ ಭುಜ ತಟ್ಟುತ್ತಿದ್ದ, ಜಾಸ್ತಿ ಇದ್ದರೆ ಮಾತಾಡದೆ ಹೋಗುತ್ತಿದ್ದ.

"ನಮ್ಮ ಮಲ್ಪೆ ಬಂದರಿನಲ್ಲಿ ತಕ್ಕಡಿ ಮುಂದೆ ಎಲ್ಲರಿಗೂ ಜಾಸ್ತಿ ಬೇಕು," ಎಂದೆ ನಾನು. ಹಮೀದಾಕ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಲೆನರ್ಡ್ ಬಹಳ ಹೊತ್ತು ನಕ್ಕರು. ಆ ನಗು ನೋಡಿ ನನಗೆ ಸಂತೋಷವಾಯಿತು. ಒಳಗೆ ಟ್ಯಾಂಕಿನ ಹಿಂದೆ ಹಾಕಿದ ಮೂರು ಮ್ಯಾಟ್ ನೆನಪಾದದ್ದೂ ಆವತ್ತೇ.

ಭಾನುವಾರ ರೇಸ್ ಓಡಲಿಕ್ಕಾಗಿ ಉಳಿದ ಆರು ದಿನ ಕಾರು ಮಾರುವ ಕಂಪನಿ ಅದು. ಬಿಡಿ ಸಾಮಾನಾಗಿ ಕೊಂಡರೆ ತೆರಿಗೆ ಇಲ್ಲವೆಂದು ಜನ ಪೆಟ್ಟಿಗೆಗಟ್ಟಲೆ ಕೊಂಡುಹೋಗಿ ಮನೆಯಲ್ಲೇ ಜೋಡಿಸುತ್ತಿದ್ದರಂತೆ. ಒಬ್ಬ ಮಳೆಗೆ ಹೆದರಿ ಊಟದ ಕೋಣೆಯಲ್ಲಿ ಜೋಡಿಸಿದ. ಆಮೇಲೆ ಕಾರು ಹೊರಗೆ ತರಲಿಕ್ಕೆ ಗೋಡೆ ಒಡೆಯಬೇಕಾಯಿತು. ದೊಡ್ಡ ದೊಡ್ಡ ಕಂಪನಿಗಳನ್ನು ಈ ಕೋಳಿಗೂಡಿನವರು ಸೋಲಿಸಿದರು. ಕಪ್‌ಗಳನ್ನು ಇಡಲಿಕ್ಕೆ ಕಪಾಟಿಲ್ಲದೆ ಒಂದರಲ್ಲಿ ಮೊಳೆ ತುಂಬಿಸಿ ಇಟ್ಟಿದ್ದರಂತೆ. ಅದನ್ನು ಹೇಳುವಾಗ ಲೆನರ್ಡರ ಬಾಗಿದ ಭುಜ ಸ್ವಲ್ಪ ನೆಟ್ಟಗಾಗುತ್ತಿತ್ತು.

ಆಮೇಲಿನದ್ದು ಅವರು ನಿಧಾನಕ್ಕೆ ಹೇಳಿದರು. ಕಳೆಯುತ್ತಾ ಕಳೆಯುತ್ತಾ ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಚಕ್ರ ಹಿಡಿದ ತೆಳುವಾದ ಸರಳುಗಳು ಮುರಿಯತೊಡಗಿದವು. ಓಡಿಸುವವರು ಸತ್ತರು. ಒಂದು ದಿನ ಅವನೂ ಮೇಜಿನ ಮುಂದೆಯೇ ಹೋಗಿಬಿಟ್ಟ. ಕಂಪನಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಮೊದಲು ರೇಸ್ ನಿಂತಿತು, ಆಮೇಲೆ ಫ್ಯಾಕ್ಟರಿ. ಕೊನೆಗೆ ಹೆಸರನ್ನು ಮಾತ್ರ ಯಾರೋ ಕೊಂಡರು. "ಈಗ ಆ ಕಟ್ಟಡದಲ್ಲಿ ಹಾಸಿಗೆ ಇಡುತ್ತಾರೆ," ಎಂದರು. "ಹೆಸರು ಟೊಪ್ಪಿಯ ಮೇಲೆ ಸಿಗುತ್ತದೆ."

ಬಣ್ಣದ ಕೆಲಸ ಮುಗಿದ ದಿನ ಮಗಳೂ ಇದ್ದಳು. ಲೆನರ್ಡ್ ಕುರ್ಚಿಯಿಂದ ಎದ್ದು ನನ್ನ ಹತ್ತಿರ ಬಂದರು. ಕಾರು ಅರ್ಬಾಬಿಗೆ ಹೋಗಲಿ, ಆದರೆ ಅದರಿಂದ ಒಂದು ತುಂಡು ತನಗೆ ಕತ್ತರಿಸಿ ಕೊಡಬೇಕು, ಅರ್ಬಾಬ್ ಒಪ್ಪಿದ್ದಾರೆ ಎಂದರು. ಎಲ್ಲಿಂದ ಎಂದು ಕೇಳಿದೆ.

"ಹಿಂದಿನ ಎಡಗಡೆ. ಟ್ಯಾಂಕಿನ ಹಿಂದೆ."

ನಾನು ಉಜ್ಜಿ ಮ್ಯಾಟ್ ಹಾಕಿದ ಜಾಗ ಅದೇ.

ಅವರು ಹೇಳಿದರು. ಬಾಡಿ ಮಾಡುವ ಕೋಣೆಯಲ್ಲಿ ಮೂವರಿದ್ದರಂತೆ. ಇವರು, ಇವರ ತಮ್ಮ ಟಾಮ್, ಆರ್ಥರ್ ಎನ್ನುವ ಗೆಳೆಯ. ಕೊನೆಯ ರೆಸಿನ್ ಹಚ್ಚುವ ಮೊದಲು, ತಕ್ಕಡಿಗೆ ತಿಳಿಯದಷ್ಟು ಹಗುರವಾದದ್ದು ಒಂದನ್ನು ಅವರು ಸೇರಿಸುತ್ತಿದ್ದರು: ಪೆನ್ಸಿಲಿನಲ್ಲಿ ಹೆಸರು. ಯಾವಾಗಲೂ ಅಲ್ಲ, ಮನಸ್ಸಿಗೆ ಬಂದ ಕಾರಿಗೆ ಮಾತ್ರ. ಈ ಮಾದರಿಯ ಕಾರು ಮಾಡುತ್ತಿದ್ದ ವರ್ಷವೇ ಟಾಮ್ ಒಂದು ಹೊಸ ಕಾರನ್ನು ಪರೀಕ್ಷೆಗೆ ಓಡಿಸಿ ಸತ್ತ. ಒಂದು ಸರಳು ಮುರಿದಿತ್ತು. ಲೆನರ್ಡ್ ಕೆಲಸ ಬಿಟ್ಟು ಗಲ್ಫಿಗೆ ಬಂದರು. ಎಷ್ಟೋ ವರ್ಷದ ನಂತರ ಅಬುಧಾಬಿಯಲ್ಲಿ ಎಣ್ಣೆ ಕಂಪನಿಯ ಒಬ್ಬ ಎಂಜಿನಿಯರ್ ಇದೇ ಮಾದರಿಯ ಹಸಿರು ಕಾರು ಮಾರುತ್ತಿದ್ದ. ನೋಡಲಿಕ್ಕೆ ಹೋದವರು, ಟ್ಯಾಂಕಿನ ಸಂದಿನಲ್ಲಿ ಟಾರ್ಚ್ ಬಿಟ್ಟು ಕನ್ನಡಿ ಹಿಡಿದರಂತೆ. ಹೆಸರುಗಳಿದ್ದವು. ಕೊಂಡರು. ಮತ್ತೆ ಟ್ಯಾಂಕ್ ಬಿಚ್ಚಿ ನೋಡಲಿಲ್ಲ, ಇದೆಯಲ್ಲ ಎಂಬ ಧೈರ್ಯದಲ್ಲಿ.

"ಟಾಮನ ಅಕ್ಷರ ನನ್ನಲ್ಲಿ ಬೇರೆ ಎಲ್ಲಿಯೂ ಇಲ್ಲ," ಎಂದರು.

ಹಮೀದಾಕ ಇದನ್ನೆಲ್ಲ ಕನ್ನಡಕ್ಕೆ ತರುತ್ತಾ ತರುತ್ತಾ ನಡುವೆ ನಿಂತರು. ನನ್ನ ಮುಖ ನೋಡಿದರು. ಅವರಿಗೆ ಗೊತ್ತಾಯಿತು.

ನಾನು ಆಗಲೇ ಹೇಳಬಹುದಿತ್ತು. ಹೇಳುವ ಬದಲು ಟ್ಯಾಂಕ್ ಇಳಿಸಲಿಕ್ಕೆ ಮೆಕ್ಯಾನಿಕ್ಕನಿಗೆ ಕೂಗು ಹಾಕಿದೆ. ಮಲಗಿ, ಅಳತೆ ಹಾಕಿ, ಬ್ಲೇಡ್ ಇಳಿಸಿ, ಅಂಗೈ ಅಗಲ ಕತ್ತರಿಸಿದೆ. ಕತ್ತರಿಸಿದರೆ ಅಕ್ಷರ ಮರಳಿ ಬರುತ್ತದೆಯೋ ಏನೋ ಎನ್ನುವ ಹಾಗೆ ಬಹಳ ಜಾಗ್ರತೆಯಿಂದ ಕತ್ತರಿಸಿದೆ. ತಂದು ಅವರ ಕೈಗಿಟ್ಟೆ.

ಒಂದು ಬದಿ ಹಸಿರು, ಇನ್ನೊಂದು ಬದಿ ನನ್ನ ಬಿಳಿ ಮ್ಯಾಟ್. ಅವರು ತಿರುಗಿಸಿ ತಿರುಗಿಸಿ ನೋಡಿದರು, ಬಾಗಿಲ ಬೆಳಕಿಗೆ ಹಿಡಿದರು. ಅಂಚನ್ನು ಹೆಬ್ಬೆರಳಿನಲ್ಲಿ ಸವರಿ, "ದಪ್ಪ ಮಾಡಿದ್ದೀಯಲ್ಲ," ಎಂದರು. ಬೈದದ್ದಲ್ಲ. ಆಮೇಲೆ ಕೇಳಿದರು: "ರಾಘು, ನೀನು ಇದನ್ನು ಉಜ್ಜುವಾಗ ಇಲ್ಲಿ ಏನಾದರೂ ಬರೆದದ್ದು ಕಂಡಿತಾ? ಪೆನ್ಸಿಲಿನಲ್ಲಿ?"

ಅಷ್ಟು ದಿನದಲ್ಲಿ ಅವರು ನನ್ನ ಹೆಸರನ್ನು ಕೇಳದೆ ನೆನಪಿಟ್ಟು ಕರೆದದ್ದು ಅದೊಂದೇ ಸಲ.

ಅದರ ಹಿಂದಿನ ತಿಂಗಳು ಒಂದು ಬಾನೆಟ್ ಬೀಳಿಸಿದ್ದಕ್ಕೆ ನಮ್ಮಲ್ಲೊಬ್ಬನ ವೀಸಾ ಕ್ಯಾನ್ಸಲ್ ಆಗಿತ್ತು. ಮೂರೇ ದಿನದಲ್ಲಿ ಅವನ ಮಂಚ ಖಾಲಿ. ಅದು ನನ್ನ ಕಣ್ಣೆದುರು ಬಂತು. ಇದು ನೆಪ ಅಲ್ಲ, ಆಗ ನಿಜವಾಗಿಯೂ ಬಂತು.

"ನೋ ಸಾರ್," ಎಂದೆ. "ನಥಿಂಗ್ ಸಾರ್. ಓನ್ಲಿ ಡಸ್ಟ್."

ಅವರು ನನಗೆ ಬೈದಿದ್ದರೆ ಚೆನ್ನಾಗಿತ್ತು. ಅವರು ಮಗಳ ಕಡೆ ತಿರುಗಿದರು. ಅವಳು ಅವರ ತೋಳು ಹಿಡಿದು ಮೆಲ್ಲಗೆ, "ಅಪ್ಪಾ, ನಾನು ಹೇಳಿದ್ದೆನಲ್ಲ," ಎಂದಳು. ಅವರ ನೆನಪು ಕಟ್ಟಿಕೊಂಡ ಕತೆ ಅದು ಎಂದು ಅವಳು ಮೊದಲೇ ಹೇಳಿರಬೇಕು. ಅವರು ತಲೆಯಾಡಿಸಿದರು. "ಹಾಗಾದರೆ ಇದು ಆ ಕಾರಲ್ಲ," ಎಂದರು. "ನಾನೇ ಎಲ್ಲೋ ಸೇರಿಸಿಕೊಂಡಿದ್ದೇನೆ." ತುಂಡನ್ನು ನನ್ನ ಕೈಗೆ ಮರಳಿ ಕೊಟ್ಟರು, ಅಂಗಡಿಯಲ್ಲಿ ಬೇಡದ ಸಾಮಾನನ್ನು ಮರಳಿ ಇಡುವ ಹಾಗೆ.

ನಾನು ಉಜ್ಜಿದ್ದು ಮೂರು ಹೆಸರು ಮಾತ್ರ ಎಂದು ತಿಳಿದಿದ್ದೆ. ಒಂದು ಸುಳ್ಳಿನಲ್ಲಿ ಅವರ ಅಷ್ಟೂ ವರ್ಷದ ಕಾರನ್ನೇ ಉಜ್ಜಿಬಿಟ್ಟೆ.

ತೂತಿಗೆ ಪ್ಯಾಚ್ ಹಾಕಿ, ಎರಡು ದಿನದ ನಂತರ ರಿಕವರಿ ಲಾರಿಯಲ್ಲಿ ಕಾರನ್ನು ಅಬುಧಾಬಿಗೆ ಒಯ್ದೆವು. ಅರ್ಬಾಬಿನ ಹಾಲ್ ಫ್ರಿಜ್ಜಿನ ಹಾಗೆ ತಣ್ಣಗಿತ್ತು. ಸಾಲು ಸಾಲು ಕಾರು, ಒಂದೊಂದರ ಮುಂದೆ ಒಂದೊಂದು ಬೋರ್ಡು. ನಮ್ಮದರ ಬೋರ್ಡು ಆಗಲೇ ತಯಾರಿತ್ತು. ನಿಂತು ಓದಿದೆ. ಕೋಳಿಗೂಡು ಇತ್ತು, ಗೆದ್ದ ಕಪ್‌ಗಳ ಲೆಕ್ಕ ಇತ್ತು, ಕಟ್ಟಿದವನ ಹೆಸರು ಇತ್ತು, ಕೊಂಡವರ ಹೆಸರೆಲ್ಲ ಇತ್ತು. ಕೆಳಗಿನ ತನಕ ಓದಿದೆ. ಮತ್ತೊಮ್ಮೆ ಓದಿದೆ. ಬಾಡಿ ಮಾಡಿದವರ ಮಾತು ಎಲ್ಲಿಯೂ ಇರಲಿಲ್ಲ.

"ಬಾ, ಸಾಕು," ಎಂದರು ಹಮೀದಾಕ. ಲಾರಿಯಲ್ಲಿ ಮರಳಿ ಬರುವಾಗ ಹೊರಗಿನ ಮರಳು ನೋಡುತ್ತಾ, "ಉಜ್ಜು ಅಂತ ಹೇಳಿದ್ದು ನಾನು. ಅದು ನನ್ನ ತಲೆಗಿರಲಿ. ಆದ್ರೆ ಇಲ್ಲ ಅಂತ ಹೇಳಿದ್ದು ನೀನು," ಎಂದರು.

"ವೀಸಾ ಹೋಗ್ತಿತ್ತು, ಹಮೀದಾ‌ಕ."

"ಹೋಗ್ತಿತ್ತೋ ಏನೋ. ಈಗ ಕಾರು ಮಾರಿ ಆಯ್ತಲ್ಲ, ಅರ್ಬಾಬಿಗೆ ಯಾರೂ ಹೇಳುದಿಲ್ಲ. ಶುಕ್ರವಾರ ರಜೆ ಉಂಟು. ಹೋಗಿ ಆ ಮನುಷ್ಯನಿಗೆ ಹೇಳಿ ಬಾ. ಅವ ಹೋಗುವ ಮೊದಲು."

ಶುಕ್ರವಾರ ಹೋದೆ. ಮೆಟ್ರೋ, ಆಮೇಲೆ ಬಸ್ಸು. ಡಿಸ್ಕವರಿ ಗಾರ್ಡನ್ಸಿನ ಕಟ್ಟಡಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಎರಡು ಸಲ ಬೇರೆಯವರ ಬಾಗಿಲು ಬಡಿದೆ. ಹೇಳಬೇಕಾದ ಇಂಗ್ಲಿಷನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದೆ, ಪರೀಕ್ಷೆಗೆ ಹೋದ ಹಾಗೆ. ಚೀಟಿಯ ಕೆಳಗೆ ಆ ಮೂರು ಹೆಸರನ್ನೂ ಬರೆದಿದ್ದೆ.

ಮನೆಯೊಳಗೆ ರಟ್ಟಿನ ಪೆಟ್ಟಿಗೆಗಳು. ಮಗಳು ಚಹಾ ಕೊಟ್ಟಳು. ಲೆನರ್ಡ್ ಕಿಟಕಿಯ ಹತ್ತಿರ ಕೂತಿದ್ದರು. ನನ್ನ ಗುರುತು ಹತ್ತಿತು. "ದೋಣಿಯವನು," ಎಂದರು. ನಾನು ಕಿಸೆಗೆ ಕೈ ಹಾಕಿದೆ. ಅಷ್ಟರಲ್ಲಿ ಅವರೇ ಮಾತಾಡಿದರು.

"ಒಳ್ಳೆಯದೇ ಆಯಿತು ನೋಡು. ಅದೇ ಕಾರಾಗಿದ್ದರೆ ನನಗೆ ಅದನ್ನು ಇಲ್ಲಿ ಬಿಟ್ಟು ಹೋಗಲಿಕ್ಕೆ ಆಗುತ್ತಿರಲಿಲ್ಲ. ಈಗ ಸುಲಭ."

ಮಗಳು ಅಪ್ಪನ ತಲೆಯ ಹಿಂದಿನಿಂದ ನನ್ನ ಕಡೆ ನೋಡಿ ಸಣ್ಣಗೆ ನಕ್ಕಳು, ಥ್ಯಾಂಕ್ಸ್ ಎನ್ನುವ ಹಾಗೆ. ನನ್ನ ಕೈ ಕಿಸೆಯೊಳಗೇ ನಿಂತಿತು. ಇನ್ನು ಹೇಳಿದರೆ ಕಷ್ಟ ಕೊಟ್ಟ ಹಾಗೆ, ಹೇಳದಿರುವುದೇ ಉಪಕಾರ ಎಂದುಕೊಂಡೆ. ಹೀಗೆ ಅಂದುಕೊಳ್ಳಲಿಕ್ಕೆ ನನಗೆ ಎಷ್ಟು ಸುಲಭವಾಯಿತು ಎಂದರೆ, ಚಹಾ ಕುಡಿದು ಮುಗಿಸುವಷ್ಟರಲ್ಲಿ ನಾನು ಆ ಮನೆಗೆ ಒಳ್ಳೆಯದು ಮಾಡಲಿಕ್ಕೇ ಬಂದವನಾಗಿದ್ದೆ.

ಬಾಗಿಲ ತನಕ ಅವರೇ ಬಂದರು. ಮಗಳು ಒಳಗೆ ಕಪ್ ತೊಳೆಯುತ್ತಿದ್ದಳು. ನೀರಿನ ಸದ್ದು ಕೇಳುತ್ತಿತ್ತು. ಅವರು ಹಿಂದೆ ತಿರುಗಿ ನೋಡಿ, ಬಾಗಿಲನ್ನು ಅರ್ಧ ಎಳೆದುಕೊಂಡು, ನನ್ನ ಮೊಣಕೈ ಹಿಡಿದರು. ಪಿಸುಮಾತಿನಲ್ಲಿ ಕೇಳಿದರು:

"ಖಂಡಿತ ಏನೂ ಇರಲಿಲ್ಲವಾ? ಒಂದು ಅಕ್ಷರ ಸಹ?"

ಆಗ ನನಗೆ ತಿಳಿಯಿತು. ಸುಲಭ ಎಂದದ್ದು ಮಗಳಿಗಾಗಿ. ಅವರಿಗೆ ಯಾವುದೂ ಸುಲಭವಾಗಿರಲಿಲ್ಲ. ಚೀಟಿ ಎದೆಯ ಮೇಲೆಯೇ ಇತ್ತು. ಒಂದು ಸಲ ತೆಗೆದು ಕೊಟ್ಟಿದ್ದರೆ ಸಾಕಿತ್ತು, ಇಂಗ್ಲಿಷ್ ಮಾತಾಡುವ ಅಗತ್ಯವೂ ಇರಲಿಲ್ಲ. ಆದರೆ ಒಂದು ಸಲ ಇಲ್ಲ ಎಂದವನಿಗೆ ಎರಡನೆಯ ಸಲ ಹೌದು ಎನ್ನಬೇಕಾದರೆ ಮೊದಲನೆಯದನ್ನೂ ಹೇಳಬೇಕಾಗುತ್ತದೆ.

"ನೋ ಸಾರ್," ಎಂದೆ.

ಅವರು ಮೊಣಕೈ ಬಿಟ್ಟರು. ಲಿಫ್ಟಿನ ಬಾಗಿಲು ಮುಚ್ಚುವ ತನಕ ಅಲ್ಲೇ ನಿಂತಿದ್ದರು.

"ಹೇಳಿದೆಯಾ?" ಎಂದು ಹಮೀದಾಕ ಕೆಳಗಿನ ಮಂಚದಿಂದ ಕೇಳಿದರು. ಹೇಳಿದೆ ಎಂದೆ. ಮೂರನೆಯ ಸುಳ್ಳು. ಅವರು ನಂಬಿದರೋ ಇಲ್ಲವೋ, ಮತ್ತೆ ಆ ಮಾತೆತ್ತಲಿಲ್ಲ.

ಆಮೇಲೆ ನಾನು ಅಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ. ವೀಸಾಕ್ಕೆ ಏನೂ ಆಗಲಿಲ್ಲ. ಊರಿಗೆ ಬಂದು ನೆಲ ಮಾಡಿಸಿದೆ, ಗ್ರೈಂಡರ್ ಕೊಂಡೆ. ಲೆನರ್ಡ್ ಈಗ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಅವರಿಗೆ ಕನ್ನಡ ಬರುವುದಿಲ್ಲ. ನನಗೆ ಇಷ್ಟು ಧೈರ್ಯ ಬಂದದ್ದು ಅದಕ್ಕೇ ಎಂದು ನೀವು ಹೇಳಿದರೆ ನಾನು ವಾದ ಮಾಡುವುದಿಲ್ಲ.

ಮೊದಲನೆಯ ಹೆಸರು ದೊಡ್ಡ ಅಕ್ಷರದಲ್ಲಿತ್ತು, ಬಲಕ್ಕೆ ವಾಲಿಕೊಂಡು, ನಡುವಿನ ಇಂಗ್ಲಿಷ್ ಓ ಅಕ್ಷರದ ಸೊನ್ನೆ ಪೂರ್ತಿ ಮುಚ್ಚಿರಲಿಲ್ಲ: ಟಾಮ್. ಅದರ ಕೆಳಗೆ ಆರ್ಥರ್, ಜಾಗ ಸಾಲದೆ ಕೊನೆಯ ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಮೂರನೆಯದು ಚಿಕ್ಕದಾಗಿ, ಅಂಚಿನಲ್ಲಿ: ಲೆನ್. ಲೆನ್ ಎಂದರೆ ಲೆನರ್ಡ್ ಎಂದು ನನಗೆ ಆಗ ಗೊತ್ತಿರಲಿಲ್ಲ. ಈ ನಾಲ್ಕು ಸಾಲು ಟೈಪ್ ಮಾಡಲಿಕ್ಕೆ ಇವತ್ತು ಬೆಳಿಗ್ಗೆಯಿಂದ ಕೂತಿದ್ದೇನೆ.

ಜಲಜ ಕರೆಯುತ್ತಿದ್ದಾಳೆ, ಅವಳ ಕೈಯೆಲ್ಲ ಹಿಟ್ಟು, ಸ್ವಿಚ್ ಹಾಕಬೇಕಂತೆ. ಹೋಗಿ ಹಾಕಿ ಬಂದೆ. ಗ್ರೈಂಡರ್ ಸ್ವಲ್ಪವೂ ಅಲ್ಲಾಡುವುದಿಲ್ಲ. ಕಾಲಡಿಯ ತುಂಡು ಆ ಮೂವರು ಮಾಡಿದಷ್ಟೇ ತೆಳುವಾಗಿದ್ದರೆ ಅಲ್ಲಾಡುತ್ತಿತ್ತು.